ಮಖಮಲ್ಲಿನ ದಿಕ್ಕು

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಆರೂವರೆ

ತಮ್ಮನಿಗೆ ಕಾಗದ. ಕರಡು.

‘ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಇಲ್ಲಿ ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಮಂಡಿ ಹೇಗಿದೆ? ಮಹಡಿ ಹತ್ತಬೇಡ ಎಂದರೆ ಎರಡು ಸಲ ಹತ್ತುವವನು ನೀನು, ಗೊತ್ತು. ನಿನ್ನ ಮನೆಯವಳ ಬೆನ್ನುನೋವು ಇಳಿಯಿತೇ? ನಿನ್ನ ಮಗಳು ದುಂಡಿ ಊಟಕ್ಕೆ ಈಗಲೂ ಹಟ ಮಾಡುತ್ತಾಳೋ? ಅವಳ ತಮ್ಮ ಪಿಟೀಲಿನ ನೆಗಡಿ ನಿಂತಿತೋ, ಇನ್ನೂ ಶ್ರುತಿ ಹಿಡಿದುಕೊಂಡೇ ಓಡಾಡುತ್ತಾನೋ? ಎದುರುಮನೆ ಕಂಪೌಂಡರ್ ಅವರ ಕಣ್ಣಿನ ಆಪರೇಷನ್ ಸುಸೂತ್ರವಾಯಿತೇ...’

ಇಲ್ಲಿಗೆ ಪೆನ್ನು ನಿಂತಿತು. ಎದುರುಮನೆಯವರ ಕಣ್ಣಿನ ತನಕ ಹೋಯಿತು ನನ್ನ ವಿಚಾರಣೆ. ಅವನ ಮನೆಯೊಳಗೇ ಇರುವ ಒಬ್ಬಳನ್ನು ಕೇಳಲಿಲ್ಲ. ಕೇಳುವುದೂ ಇಲ್ಲ.

ಗುಬ್ಬಿ ಇಲ್ಲಿಂದ ಹೋಗಿ ಐದು ತಿಂಗಳು. ತಾಯಿ, ಅಂದರೆ ನನ್ನ ತಂಗಿ, ಸತ್ತಾಗ ನಾಲ್ಕು ವರ್ಷದ ಕೂಸು. ನಾನೇ ಸಾಕಿದೆ. ನಾನೇ ಕತ್ತರಿ ಹಿಡಿಯಲು ಕಲಿಸಿದೆ. ಇಪ್ಪತ್ತೆರಡು ವರ್ಷ ಈ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಬೆಳೆದವಳು, ಈಗ ಸೋದರಮಾವನ ಮನೆಯಲ್ಲಿ ಕೂತಿದ್ದಾಳೆ. ಒಂದು ಮಾತು ಒಪ್ಪಿಕೊಂಡಿದ್ದರೆ ಅಂದೇ ಮುಗಿಯುತ್ತಿತ್ತು. ಒಪ್ಪಲಿಲ್ಲ. ಇರಲಿ.

ತಮ್ಮ ಕೇಳಿರುವುದೇ ಬೇರೆ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಸಂಜೆ ಶಾಲೆ ನಡೆಸುತ್ತಾನಲ್ಲ, ಅದರ ವಾರ್ಷಿಕೋತ್ಸವ ಇದೇ ಮೂವತ್ತಕ್ಕೆ. ಪುಸ್ತಿಕೆ ಅಚ್ಚು ಹಾಕಿಸುತ್ತಾನಂತೆ. ‘ಅಕ್ಕಾ, ಬದುಕಿನಲ್ಲಿ ಗೆಲ್ಲಲು ನಿನ್ನ ಸೂತ್ರ ಏನು, ನಂಬಿಕೆ ಎಂದರೆ ಏನು, ಸ್ವಾತಂತ್ರ್ಯ ಎಂದರೆ ಏನು, ಎರಡು ಪುಟ ಬರೆದು ಕಳಿಸು. ವೇದಿಕೆಯ ಮೇಲೆ ನೀನೇ ಬಂದು ಓದಬೇಕು’ ಎಂದು ಬರೆದಿದ್ದಾನೆ. ಶಾಲೆಯ ಬಾಗಿಲು ನೋಡದವಳ ಕೈಯಲ್ಲಿ! ನಗು ಬಂತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಇದನ್ನೇನು ಯಾರೂ ಓದುವುದಿಲ್ಲವಲ್ಲ.

ಏನು ಬರೆದರೂ ಮೊದಲು ಈ ಪುಸ್ತಕದಲ್ಲಿ ಕರಡು, ಆಮೇಲೆ ಒಳ್ಳೆಯ ಹಾಳೆಯಲ್ಲಿ ಚೊಕ್ಕ. ಇದು ನಲವತ್ತು ವರ್ಷದ ರೂಢಿ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಪೇಪರಿನಲ್ಲಿ ಕತ್ತರಿಸಿ ನೋಡುವುದಿಲ್ಲವೇ, ಹಾಗೆ.

ಕಾಜಾದವಳು ಬಂದಳು. ಅಂಗಡಿ ತೆರೆಯಬೇಕು.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ

ಸೂತ್ರ ಒಂದು. ಗೆಲುವು.

‘ತಪ್ಪು ಮಾಡಿದವರು ಅದೇ ದಿನ, ಎಲ್ಲರೆದುರು, ತಪ್ಪು ನನ್ನದು ಎನ್ನಬೇಕು. ಅಷ್ಟು ಅನ್ನುವ ಎದೆ ಇದ್ದವರು ಯಾವ ಕೆಲಸದಲ್ಲೂ ಸೋಲುವುದಿಲ್ಲ.’

ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು. ಕಾಜಾದವಳಿಗೂ ಓದಿ ಹೇಳಿದೆ. ಅವಳು ಗುಂಡಿಯ ತೂತುಗಳಿಗೆ ಕಾಜಾ ಹಾಕುತ್ತಾ ನನ್ನ ಬಳಿ ಕೂತು ಹತ್ತೊಂಬತ್ತು ವರ್ಷ. ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಾಳೆ.

“ಯಾರಿಗಂತ ಬರ್ದಿದೀರಿ ಅಮ್ಮೋರೇ ಇದನ್ನ?”

“ಸಂಜೆ ಶಾಲೆಯವರಿಗೆ.”

“ಓಹೋ. ನಾನು ಗುಬ್ಬಿಗೆ ಅಂದ್ಕೊಂಡೆ.”

“ನಿನ್ನ ಕೆಲಸ ನೋಡ್ಕೋ.”

“ನೋಡ್ಕೊಂಡೇ ಇದೀನಿ. ಬಾಯಿ ಮಾತ್ರ ಖಾಲಿ ಇತ್ತು, ಅದಕ್ಕೆ ಆಡಿಸ್ದೆ.”

ಈ ಹೆಂಗಸಿನ ಜೊತೆ ಗಂಭೀರವಾಗಿ ಒಂದು ಮಾತಾಡಲು ಸಾಧ್ಯವಿಲ್ಲ. ಸಿಟ್ಟು ಬಂದು ಸಂಜೆಯ ಟೀ ಒಬ್ಬಳೇ ಕುಡಿದೆ. ರುಚಿಸಲಿಲ್ಲ.

ಮಾರ್ಚ್ 6, ಗುರುವಾರ. ಬೆಳಿಗ್ಗೆ

ನಿನ್ನೆ ತಮ್ಮನ ಫೋನ್. ಎರಡು ಪುಟ ಎಲ್ಲಿಗೆ ಬಂತು ಎಂದು ಕೇಳಲು ಮಾಡಿದ್ದು ಎಂದುಕೊಂಡೆ. ಅಲ್ಲ.

“ಅಕ್ಕಾ, ಗುಬ್ಬಿಗೆ ಕೆಲಸ ಸಿಕ್ಕಿದೆ. ಯೂನಿಫಾರ್ಮ್ ಹೊಲಿಯೋ ಫ್ಯಾಕ್ಟರಿ. ಸೂಪರ್‌ವೈಸರ್.”

“ಒಳ್ಳೇದಾಯ್ತು.”

“ದೂರ ಅಕ್ಕಾ. ಹಡಗಲ್ಲಿ ಹೋಗ್ಬೇಕು. ಮೂರು ವರ್ಷದ ಕಾಂಟ್ರ್ಯಾಕ್ಟು, ನಡುವೆ ಬರೋ ಹಾಗಿಲ್ಲ. ಮೂವತ್ತೊಂದಕ್ಕೆ ಹೊರಡ್ತಾಳೆ.”

ಕೈಯಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದೆ.

“ಇನ್ನೂ ಸಹಿ ಹಾಕಿಲ್ಲ, ಹಡಗು ಹತ್ತೋ ಮುಂಚೆ ಹಾಕಿದ್ರೆ ಸಾಕಂತೆ. ಒಂದೇ ಮಾತು ಕೇಳ್ತಾಳೆ. ಆ ಝಾಲರಿ ನಾನು ಕೆಡಿಸಿಲ್ಲ ಅನ್ನೋದನ್ನ ದೊಡ್ಡಮ್ಮ ನಂಬ್ತಾರಾ, ಇಲ್ವಾ? ನಂಬ್ತೀನಿ ಅಂದ್ಬಿಡು ಅಕ್ಕಾ. ಇಲ್ಲೇ ಉಳೀತಾಳೆ ಅಂತ ನನಗನ್ನಿಸುತ್ತೆ.”

“ಹೇಗಪ್ಪಾ ಅನ್ನಲಿ? ಕತ್ತರಿ ಹಿಡಿದಿದ್ದು ಯಾರು?”

“ಆಯ್ತು ಬಿಡು. ನಿನ್ನ ಹತ್ರ ಮಾತಾಡೋದೂ ಒಂದೇ, ನಿನ್ನ ಮೆಷಿನ್ ಹತ್ರ ಮಾತಾಡೋದೂ ಒಂದೇ.”

ಇಟ್ಟುಬಿಟ್ಟ. ಹಿರಿಯಳು ಎಂಬ ಗೌರವ ಬೇಡವೇ?

ನಡೆದದ್ದನ್ನು ಸರಿಯಾಗಿ ಬರೆದಿಡುತ್ತೇನೆ. ಆಮೇಲೆ ಯಾರೂ ನಾನು ಅನ್ಯಾಯ ಮಾಡಿದೆ ಅನ್ನಬಾರದು.

ಹೊಸ ಸಭಾಂಗಣದ ವೇದಿಕೆಯ ಪರದೆ ನಮಗೆ ಸಿಕ್ಕಿತ್ತು. ಅಷ್ಟು ದೊಡ್ಡ ಕೆಲಸ ಈ ಅಂಗಡಿಗೆ ಹಿಂದೆ ಬಂದಿರಲಿಲ್ಲ. ಕಡುಗೆಂಪು ಮಖಮಲ್ಲು. ಪರದೆಯ ಮೇಲಂಚಿಗೆ ಏಳು ಕಮಾನು ಇಳಿಬಿದ್ದ ಝಾಲರಿ. ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಏಳು ತುಂಡೂ ಒಂದೇ ದಿಕ್ಕಿಗೆ ಕತ್ತರಿಸಬೇಕು. ಒಂದು ತಿರುಗಿದರೂ ಲೈಟ್ ಬಿದ್ದಾಗ ಅದೊಂದೇ ಬೇರೆ ಬಣ್ಣವಾಗಿ ಕಾಣುತ್ತದೆ. ಬಟ್ಟೆಯ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ನುಣುಪಿನ ದಿಕ್ಕಿಗೆ ಬಾಣದ ಗುರುತು ಹಾಕುವವಳು ನಾನು. ಬಾಣದ ತುದಿಗೆ ಕಮಾನಿನ ಕೆಳಗಿನ ಅಂಚು ಬರುವಂತೆ ಅಳತೆಯ ಪೇಪರ್ ಇಟ್ಟು ಕತ್ತರಿಸುವವಳು ಗುಬ್ಬಿ. 

ತೂಗುಹಾಕಿದ ದಿನ ಮ್ಯಾನೇಜರ್ ಲೈಟ್ ಹಾಕಿಸಿದರು. ಆರು ಕಮಾನು ಕೆಂಪು. ನಟ್ಟನಡುವಿನದು ಬೂದಿ ಬಡಿದ ಹಾಗೆ. ಅವರ ಜೊತೆ ಬಂದಿದ್ದ ಹತ್ತು ಹನ್ನೆರಡು ಜನ ನಕ್ಕರು. ಕಮಾನಿನ ಆಕಾರಕ್ಕೆ ಕತ್ತರಿಸಿದ್ದನ್ನು ತಲೆಕೆಳಗು ಮಾಡಿ ಹೊಲಿಯಲು ಬಾರದು. ಅದೇ ಬಣ್ಣದ ಬಟ್ಟೆ ಮತ್ತೆ ಸಿಗಲಿಲ್ಲ. ಕೊನೆಗೆ ಆ ತುಂಡನ್ನು ಬೆಳಕು ಕಡಿಮೆ ಬೀಳುವ ತುದಿಗೆ ಹಾಕಿದೆವು.

ಅಲ್ಲೇ, ಎಲ್ಲರೆದುರೇ ಗುಬ್ಬಿಗೆ ಹೇಳಿದೆ: “ಒಪ್ಕೋ. ಪೇಪರ್ ತಿರುಗಿಸಿ ಇಟ್ಟೆ ಅಂತ ಒಪ್ಕೋ. ಮುಗೀತು.”

ಅವಳು ಎಂದಿದ್ದು ಒಂದೇ: “ನಾನು ಕೆಡಿಸಿಲ್ಲ ದೊಡ್ಡಮ್ಮ.”

ಮೂರು ಸಲ ಕೇಳಿದೆ. ಮೂರು ಸಲವೂ ಅದೇ. ಮಾರನೆಯ ದಿನ ಬೆಳಿಗ್ಗೆ ಚೀಲ ಹಿಡಿದು ಹೊರಟಳು. ನಾನು ತಡೆಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಹೊರಡು ಎಂದೆ.

ಇದರಲ್ಲಿ ನನ್ನ ತಪ್ಪು ಎಲ್ಲಿದೆ?

ಮಾರ್ಚ್ 9, ಭಾನುವಾರ

ಸೂತ್ರ ಎರಡು. ನಂಬಿಕೆ. ಬೆಳಿಗ್ಗೆಯಿಂದ ಕೂತಿದ್ದೇನೆ. ಬಂದಿದ್ದು ಇಷ್ಟು:

‘ಹೊಸ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನಾನು ಒಂದು ನಿಮಿಷ ಕಣ್ಣು ಮುಚ್ಚಿ ದೇವರೇ ಇನ್ನು ನಿನ್ನದು ಎನ್ನುತ್ತೇನೆ. ಆ ಒಂದು ನಿಮಿಷ ಅಂಗಡಿಯಲ್ಲಿ ಯಾರೂ ಮಾತಾಡಬಾರದು. ಕೈ ನಡುಗುವುದು ನಿಲ್ಲುತ್ತದೆ. ಇದೇ ನಂಬಿಕೆ.’

ಇದರ ಮುಂದೆ ಏನೂ ಬರುತ್ತಿಲ್ಲ. ದೇವರ ಮೇಲಿನದು ಸರಿ. ಮನುಷ್ಯರ ಮೇಲಿನದು? ಅದನ್ನೂ ಒಂದು ಸಾಲು ಹಾಕಬೇಕಲ್ಲ. ‘ನಮ್ಮವರನ್ನು ನಂಬಬೇಕು’ ಎಂದು ಬರೆದೆ. ಹೊಡೆದುಹಾಕಿದೆ. ‘ನಂಬಿಕೆಗೆ ಅರ್ಹರಾದ ನಮ್ಮವರನ್ನು’ ಎಂದು ತಿದ್ದಿದೆ. ಕೋರ್ಟಿನ ಕಾಗದದ ಹಾಗಾಯಿತು. ಅದನ್ನೂ ಹೊಡೆದೆ.

ಬರವಣಿಗೆ ಎಂದರೆ ಇಷ್ಟು ಕಾಟ ಎಂದು ಗೊತ್ತಿದ್ದರೆ ತಮ್ಮನಿಗೆ ಹೂಂ ಅನ್ನುತ್ತಿರಲಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಇದರ ದಾರದ ತುದಿಯೇ ಸಿಗುವುದಿಲ್ಲ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ ಮೂರು

ಸೂತ್ರ ಮೂರು ಸಲೀಸಾಗಿ ಬಂತು. ಸ್ವಾತಂತ್ರ್ಯ. ಇದು ನಾನು ಬದುಕಿದ್ದು, ಹಾಗಾಗಿ.

ಇಪ್ಪತ್ತನೆಯ ವರ್ಷದವರೆಗೆ ನನಗೆ ಅಕ್ಷರ ಗೊತ್ತಿರಲಿಲ್ಲ. ಒಬ್ಬ ದರ್ಜಿಯ ಕೈಕೆಳಗೆ ಕೂತು ಅಂಚು ಹೊಲಿಯುತ್ತಿದ್ದೆ. ಅವನು ಹಳೆಯ ದಿನಪತ್ರಿಕೆಯಲ್ಲಿ ತೋಳು, ಕಾಲರ್ ಕತ್ತರಿಸಿ ಮೊಳೆಗೆ ಸಿಕ್ಕಿಸುತ್ತಿದ್ದ. ಆ ತೋಳುಗಳ ಮೇಲಿನ ಅಕ್ಷರ ನೋಡಿ ನೋಡಿ ಓದಲು ಕಲಿತವಳು ನಾನು. ತೋಳಿನ ಅಂಚಿನಲ್ಲಿ ಎಲ್ಲ ಪದಗಳೂ ಅರ್ಧಕ್ಕೆ ಕಡಿದಿರುತ್ತಿದ್ದವು. ಉಳಿದರ್ಧ ನಾನೇ ಊಹಿಸಬೇಕು. ಎಷ್ಟೋ ವರ್ಷ ಮಂತ್ರಿಗಳು ಏನು ಹೇಳಿದರು ಎಂಬುದರಲ್ಲಿ ಅರ್ಧ ನನ್ನದೇ ಮಾತು! ಒಂದು ದಿನ ದರ್ಜಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತು ಎಂದ. ನಾನು ಅದನ್ನು ಓದಿದೆ. ಐದು ವರ್ಷ ಬೇರೆಲ್ಲೂ ಕೆಲಸಕ್ಕೆ ಹೋಗುವುದಿಲ್ಲ ಎಂದಿತ್ತು. “ಒತ್ತಲ್ಲ” ಎಂದೆ. “ಓದೋಕೆ ಯಾರು ಹೇಳಿಕೊಟ್ರು?” ಎಂದ. “ನಿಮ್ಮ ಶರ್ಟಿನ ತೋಳು” ಎಂದೆ. ಅಂದೇ ಹೊರಬಂದೆ.

‘ನಮ್ಮ ಹೆಬ್ಬೆಟ್ಟು ನಮ್ಮದು. ಓದದೆ ಯಾರಿಗೂ ಅದನ್ನು ಕೊಡಬಾರದು. ಇದೇ ಸ್ವಾತಂತ್ರ್ಯ.’

ಕಾಜಾದವಳಿಗೆ ಓದಿದೆ. ಈ ಸಲ ದಾರ ಬಾಯಿಂದ ತೆಗೆದು ಕೇಳಿದಳು. ಕಣ್ಣು ಒರೆಸಿಕೊಂಡಳು.

“ಚೆನ್ನಾಗಿದೆ ಅಮ್ಮೋರೇ. ನಿಮ್ ದರ್ಜಿ ಪರವಾಗಿಲ್ಲ, ನಿಮಗೆ ಎದುರು ಮಾತಾಡೋಕಾದ್ರೂ ಬಿಟ್ಟ. ಇಲ್ಲಿ ಗುರುತು ಹಾಕಿದ್ಮೇಲೆ ಮಾತಿಲ್ಲ ಅಂತೀರಲ್ಲ ನೀವು.”

“ಅದು ಬೇರೆ. ಅದು ಕೆಲಸದ ಶಿಸ್ತು.”

“ಅವನೂ ಹಾಗೇ ಅಂದಿರ್ತಾನೆ ಬಿಡಿ.”

ಹಾಳು ಬಾಯಿ. 

ಮೂರನ್ನೂ ಚೊಕ್ಕ ಬರೆದು ಲಕೋಟೆಗೆ ಹಾಕಿದೆ. ನಾಳೆ ಅಂಚೆಗೆ. ಎರಡನೆಯದು ಮೊಟಕು. ಇರಲಿ, ದೇವರ ವಿಷಯ, ಯಾರೂ ಕೇಳುವುದಿಲ್ಲ.

ಮಾರ್ಚ್ 18, ಮಂಗಳವಾರ. ಸಂಜೆ ಐದು

ಸಭಾಂಗಣದ ಮ್ಯಾನೇಜರ್ ಝಾಲರಿಯ ತುದಿಯ ತುಂಡನ್ನು ಕಳಿಸಿದ್ದಾರೆ. ಹಿಂಬದಿಯ ಲೈನಿಂಗ್ ಹರಿದಿದೆ, ಬದಲಿಸಿಕೊಡಿ ಎಂದು. ಅದೇ ತುಂಡು. ಬೂದಿ ಬಣ್ಣದ್ದು.

ಕಾಜಾದವಳು ಹೊಲಿಗೆ ಬಿಚ್ಚಿದಳು. ನಾನು ಹೊಸ ಲೈನಿಂಗ್ ಅಳೆಯುತ್ತಿದ್ದೆ. ಅವಳ ಕೈ ನಿಂತಿತು. ಅವಳು ಸುಮ್ಮನಾದಳು ಎಂದೇ ತಿರುಗಿ ನೋಡಿದೆ.

ಮಖಮಲ್ಲಿನ ಹಿಂಬದಿಯಲ್ಲಿ ಸೀಮೆಸುಣ್ಣದ ಬಾಣ. ಐದು ತಿಂಗಳು ಲೈನಿಂಗಿನ ಒಳಗೆ ಮುಚ್ಚಿಟ್ಟಿದ್ದರಿಂದ ಅಳಿಸಿಲ್ಲ. ನೀಲಿ. ನೀಲಿ ಸೀಮೆಸುಣ್ಣ ಈ ಅಂಗಡಿಯಲ್ಲಿ ನಾನೊಬ್ಬಳೇ ಹಿಡಿಯುವುದು, ಉಳಿದವರಿಗೆಲ್ಲ ಬಿಳಿ. ತಪ್ಪಾದರೆ ಯಾರದೆಂದು ಗೊತ್ತಾಗಲಿ ಎಂದು ನಾನೇ ಮಾಡಿದ ನಿಯಮ.

ಬಾಣ ಕಮಾನಿನ ಕೆಳಗಿನ ಅಂಚಿನ ಕಡೆಗಿದೆ. ಪೇಪರನ್ನು ಬಾಣಕ್ಕೆ ಸರಿಯಾಗಿಯೇ ಇಟ್ಟು, ಸರಿಯಾಗಿಯೇ ಕತ್ತರಿಸಿದ್ದಾಳೆ ಗುಬ್ಬಿ. ತುಂಡು ತಿರುವಿ ಬಾಣದ ದಿಕ್ಕಿಗೇ ಅಂಗೈ ಆಡಿಸಿದೆ. ನುಣುಪು ಇರಬೇಕಿತ್ತು.

ಒರಟು.

ಮಾರ್ಚ್ 19, ಬುಧವಾರ. ಬೆಳಿಗ್ಗೆ

ಬೆಳಕಿನಲ್ಲಿ ಮತ್ತೆ ನೋಡಿದೆ. ಬಲಗೈಯಲ್ಲಿ ಸವರಿದೆ, ಎಡಗೈಯಲ್ಲಿ ಸವರಿದೆ. ಕೆನ್ನೆಗೆ ಒತ್ತಿ ನೋಡಿದೆ. ಬಟ್ಟೆಗೆ ವಯಸ್ಸಾಗಿ ದಿಕ್ಕು ಬದಲಾಗುತ್ತದೆಯೇ ಎಂದು ಕೂಡ ಯೋಚಿಸಿದೆ. ನಲವತ್ತೈದು ವರ್ಷ ಈ ಕಸುಬು ಮಾಡಿದವಳು!

ಕಾಜಾದವಳನ್ನು ಕೇಳಿದೆ.

“ಅವತ್ತು ನೀನು ಇಲ್ಲೇ ಕೂತಿದ್ಯಲ್ಲ. ಏನು ನೋಡಿದೆ?”

“ಎಲ್ಲಾ ನೋಡಿದೆ.”

“ಹೇಳು ಮತ್ತೆ.”

“ನಡುವಿನ ತುಂಡು ಮೇಜಿನ ಆಚೆ ಅಂಚಿಗೆ ಬಂದಿತ್ತು. ಈ ಕಡೆಯಿಂದ ನಿಮ್ಮ ಕೈ ನಿಲುಕಲಿಲ್ಲ. ಸುತ್ತಿ ಕಿಟಕಿ ಕಡೆಗೆ ಹೋದ್ರಿ. ನೀವು ಯಾವ ಕಡೆ ನಿಂತ್ರೂ ಬಾಣ ನಿಮ್ಮ ಹೊಟ್ಟೆ ಕಡೆಗೇ ಎಳೀತೀರಿ ಅಮ್ಮೋರೇ. ಅದು ನಿಮ್ಮ ಕೈ ರೂಢಿ. ಈ ಕಡೆ ನಿಂತಾಗ ಅದು ಸರಿ. ಆ ಕಡೆ ನಿಂತಾಗ ಉಲ್ಟಾ. ಬಟ್ಟೆ ಸವರಿ ನೋಡ್ಲೇ ಇಲ್ಲ ನೀವು.”

“ಗುಬ್ಬಿ ನೋಡಿದ್ಲಾ?”

“ನೋಡಿದ್ಲು. ಕೈ ಎತ್ತಿದ್ಲು. ಅಷ್ಟರಲ್ಲಿ ನೀವು ಕಣ್ಣು ಮುಚ್ಕೊಂಡ್ರಿ. ‘ದೊಡ್ಡಮ್ಮ’ ಅಂದ್ಲು. ಕಣ್ಣು ಮುಚ್ಕೊಂಡೇ ಬೆರಳು ಎತ್ತಿ ಸುಮ್ಮನಿರು ಅಂದ್ರಿ. ಕಣ್ಣು ತೆಗೆದ್ಮೇಲೆ ‘ದೊಡ್ಡಮ್ಮ, ಬಾಣ...’ ಅಂದ್ಲು. ‘ಗುರುತು ಬಿದ್ಮೇಲೆ ಮಾತಿಲ್ಲ, ಹಾಕು ಕತ್ತರಿ’ ಅಂದ್ರಿ. ಹಾಕಿದ್ಲು.”

“ಇಷ್ಟು ಗೊತ್ತಿದ್ದೂ ಐದು ತಿಂಗಳು ಯಾಕೆ ಬಾಯಿ ಬಿಡ್ಲಿಲ್ಲ ನೀನು? ಬೇರೆ ಎಲ್ಲದಕ್ಕೂ ಬಿಡ್ತೀಯ!”

“ನೀವು ಕೇಳಿದ್ರಾ?”

ತುಂಡನ್ನು ಮಡಚಿ ಮೇಜಿನ ಮೇಲಿಟ್ಟೆ.

“ಅವಳು ಹೋಗೋವಾಗ ನನ್ನ ಹತ್ರ ಮಾತು ತಗೊಂಡ್ಲು. ದೊಡ್ಡಮ್ಮನ ಬಾಣ ತಪ್ಪು ಅಂತ ಊರೆಲ್ಲ ತಿಳಿದ್ರೆ ಇನ್ಯಾರು ಕೆಲಸ ಕೊಡ್ತಾರೆ, ಅಂದ್ಲು. ನಾಲ್ಕು ಜನದ ಮುಂದೆ ನೀವು ಅವಳನ್ನ ಹೇಗೆ ನಿಲ್ಲಿಸಿದ್ರೋ, ಹಾಗೆ ನಿಮ್ಮನ್ನ ಅವಳು ನಿಲ್ಲಿಸ್ಲಿಲ್ಲ. ಅಷ್ಟೇ.”

ನಾನು ಕೆಡಿಸಿಲ್ಲ ಎಂದಳು. ನೀವು ಕೆಡಿಸಿದ್ದು ಎನ್ನಲಿಲ್ಲ. ಮೂರು ಸಲ ಕೇಳಿದರೂ ಎನ್ನಲಿಲ್ಲ.

ಕಣ್ಣು ಮುಚ್ಚಿ ದೇವರೇ ನಿನ್ನದು ಎಂದೆನಂತೆ. ನೋಡಬೇಕಾದ ಹೊತ್ತಿನಲ್ಲಿ ಕಣ್ಣು ಮುಚ್ಚಿದೆ. ಕೇಳಬೇಕಾದ ಹೊತ್ತಿನಲ್ಲಿ ಬೆರಳು ಎತ್ತಿದೆ. ದೇವರು ಏನು ಮಾಡಿಯಾನು? ಹುಡುಗಿಯ ಬಾಯಲ್ಲಿ ಹೇಳಿಸಿದ. ಅದನ್ನೂ ಸುಮ್ಮನಿರಿಸಿದೆ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ ಹತ್ತು

ತಮ್ಮನಿಗೆ ಫೋನ್ ಮಾಡಿದೆ.

“ಆ ಬರಹ ಅಚ್ಚಿಗೆ ಹಾಕ್ಬೇಡಪ್ಪ.”

“ಅಕ್ಕಾ, ಆಗ್ಲೇ ಐನೂರು ಪ್ರತಿ ಬಂದಿದೆ. ಮೊದಲ ಸೂತ್ರ ದಪ್ಪಕ್ಷರದಲ್ಲಿ ಹಾಕ್ಸಿದೀನಿ, ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ!”

“ಸುಟ್ಟುಹಾಕು.”

“ಏನಾಯ್ತು ನಿಂಗೆ? ಜ್ವರಾನಾ?”

“ಗುಬ್ಬಿ ಓದಿದ್ಲಾ ಅದನ್ನ?”

“ಪ್ರೂಫ್ ನೋಡಿದ್ದೇ ಅವಳು. ಒಂದಕ್ಷರ ತಪ್ಪಿಲ್ಲ ನೋಡು.”

ದೇವರೇ. ‘ತಪ್ಪು ಮಾಡಿದವರು ಅದೇ ದಿನ, ಎಲ್ಲರೆದುರು.’ ಅವಳೇ ಕೂತು, ಅಕ್ಷರ ಅಕ್ಷರ ನೋಡಿ, ಸರಿ ಇದೆ ಎಂದು ಕಳಿಸಿದಳು.

“ಅವಳಿಗೆ ಕೊಡು ಫೋನು” ಎಂದೆ. ಕೊಟ್ಟ.

“ದೊಡ್ಡಮ್ಮ.”

ಐದು ತಿಂಗಳ ಮೇಲೆ ಆ ಧ್ವನಿ. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲಿತ್ತು. ಮೂರು ಪದ. ತಪ್ಪು ನನ್ನದು ಮಗಳೇ.

“ತಿಂಡಿ ಆಯ್ತಾ?” ಎಂದೆ.

“ಆಯ್ತು. ನಿಮ್ದು?”

“ಆಯ್ತು. ಹಡಗಲ್ಲಿ ಗಾಳಿ ಜಾಸ್ತಿ. ಕಿವಿಗೆ ಬಟ್ಟೆ ಕಟ್ಕೋ.”

“ಹೂಂ.”

“ನಿನಗೆ ಬೇಗ ಶೀತ ಆಗುತ್ತೆ. ಹೇಳಿದ್ರೆ ಕೇಳೋದಿಲ್ಲ ನೀನು, ಚಿಕ್ಕಂದಿನಿಂದ್ಲೂ ಅಷ್ಟೇ, ಒಂದು ಮಾತು ಕೇಳಿದವಳಲ್ಲ...”

ಬೈಯತೊಡಗಿದೆ. ನಾನು! ಈ ಬಾಯಿಗೆ ಏನು ಮಾಡಲಿ?

“ಇನ್ನೇನಾದ್ರೂ ಇದೆಯಾ ದೊಡ್ಡಮ್ಮ?”

“ಇಲ್ಲ.”

“ಸರಿ. ಇಡ್ಲಾ?”

ಇಟ್ಟಳು. ನಾನು ಫೋನ್ ಹಿಡಿದು ಹಾಗೇ ನಿಂತಿದ್ದೆ. ಅಳತೆ ಕೊಡಲು ಬಂದವರು ಅಂಗಡಿ ಮುಚ್ಚಿದೆಯೇನೋ ಎಂದು ವಾಪಸ್ಸು ಹೋದರು.

ಮಾರ್ಚ್ 25, ಮಂಗಳವಾರ

ಕಾಗದ ಬರೆಯುತ್ತಿದ್ದೇನೆ. ಮಾತಿನಲ್ಲಿ ಆಗದು, ಬರವಣಿಗೆಯಲ್ಲಿ ಆದೀತು. ನಾಲ್ಕು ದಿನದಲ್ಲಿ ಆರು ಕರಡು, ಎಲ್ಲ ನೇರ ಒಳ್ಳೆಯ ಹಾಳೆಯಲ್ಲೇ. ಒಂದೂ ಸರಿಹೋಗಿಲ್ಲ.

ಒಂದನೆಯದು: ‘ಮಗಳೇ, ಮನುಷ್ಯರಾದ ಮೇಲೆ ತಪ್ಪು ಸಹಜ.’ ಯಾರ ತಪ್ಪು? ಹೇಳಿಲ್ಲ. ಹರಿದೆ.

ಮೂರನೆಯದು: ‘ಬಾಣ ಉಲ್ಟಾ ಬಿದ್ದಿತ್ತು.’ ತಾನಾಗಿ ಬಂದು ಬಿತ್ತೇ, ಸೂರಿನಿಂದ ಹಲ್ಲಿ ಬಿದ್ದ ಹಾಗೆ? ಹರಿದೆ.

ಐದನೆಯದು ಪರವಾಗಿಲ್ಲ ಅನ್ನಿಸಿ ಕಾಜಾದವಳಿಗೆ ಕೊಟ್ಟೆ. ಅವಳು ಕೂಡಿಸಿ ಕೂಡಿಸಿ ಓದುತ್ತಾಳೆ, ಅರ್ಧ ಗಂಟೆ ಹಿಡಿಯಿತು.

“ಹೇಗಿದೆ?”

“ಮೊದಲೆರಡು ಸಾಲು ಚೆನ್ನಾಗಿದೆ. ಆಮೇಲೆ ಎರಡು ಪುಟ ಅವಳು ಹೇಗಿರ್ಬೇಕು ಅಂತ ಇದೆ. ಹೊತ್ತಿಗೆ ಸರಿಯಾಗಿ ಏಳು, ದೊಡ್ಡವರ ಮಾತು ಕೇಳು, ಯಾರನ್ನೂ ಬೇಗ ನಂಬ್ಬೇಡ... ಇದು ಕ್ಷಮೆ ಕೇಳೋ ಕಾಗದದ ಹಾಗಿಲ್ಲ ಅಮ್ಮೋರೇ. ಕೆಲಸಕ್ಕೆ ಸೇರಿಸ್ಕೊಳ್ಳೋ ಮುಂಚೆ ಕೊಡ್ತಾರಲ್ಲ, ನಿಬಂಧನೆಗಳು, ಹಾಗಿದೆ.”

“ಮತ್ತೆ ನೀನೇ ಬರಿ!”

“ನನಗೆ ಬಂದಿದ್ರೆ ಎಂದೋ ಬರೀತಿದ್ದೆ. ಎರಡೇ ಸಾಲು.”

ಆರನೆಯದರಲ್ಲಿ ಬುದ್ಧಿಮಾತು ಪೂರ್ತಿ ತೆಗೆದೆ. ಉಳಿದದ್ದು ‘ನೀನು ವಾಪಸ್ಸು ಬಾ, ಅಂಗಡಿ ನಿನ್ನದೇ.’ ಓದಿ ನೋಡಿದರೆ ಇದು ಇನ್ನೂ ಕೆಟ್ಟದ್ದು. ತಪ್ಪು ಒಪ್ಪುವ ನೆಪದಲ್ಲಿ ಅವಳ ಹೆಬ್ಬೆಟ್ಟು ಕೇಳುತ್ತಿದ್ದೇನೆ. ಹರಿದೆ.

ನಲವತ್ತೈದು ವರ್ಷದ ಸೂತ್ರ ಎಂದು ಐನೂರು ಪ್ರತಿ ಅಚ್ಚು ಹಾಕಿಸಿಕೊಂಡವಳಿಗೆ ಒಂದು ಸಾಲು ನೆಟ್ಟಗೆ ಬರುತ್ತಿಲ್ಲ.

ಮಾರ್ಚ್ 27, ಗುರುವಾರ

ಸಭಾಂಗಣಕ್ಕೆ ಹೋಗಿ ಬಂದೆ. ಮ್ಯಾನೇಜರ್‌ಗೆ ಹೇಳಿದೆ, ಅವತ್ತಿನ ತಪ್ಪು ನನ್ನ ಗುರುತಿನದು, ಹುಡುಗಿಯದಲ್ಲ. ಅವರು ಯಾವ ತಪ್ಪು, ಯಾವ ಹುಡುಗಿ ಎಂದರು. ಮರೆತೇಬಿಟ್ಟಿದ್ದಾರೆ! ನಾನು ಬೂದಿ ಬಣ್ಣ ಎಂದೆ. “ಓ ಅದಾ, ಅಮ್ಮ? ನಾವು ಅದನ್ನ ಡಿಸೈನ್ ಅಂದ್ಕೊಂಡ್ವಿ ಆಮೇಲೆ.”

ಇಷ್ಟು ಹಗುರವಾದದ್ದಕ್ಕೆ ಆ ಮಗುವನ್ನು ಬಸ್ಸಿಗೆ ಹತ್ತಿಸಿದೆ. ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಹೂ ಮಾರುವವಳು ಅಜ್ಜಿಗೆ ಏನೋ ಆಗಿದೆ ಎಂಬಂತೆ ನೋಡಿದಳು.

ವಾರ್ಷಿಕೋತ್ಸವಕ್ಕೆ ಬರುವುದಿಲ್ಲ ಎಂದು ತಮ್ಮನಿಗೆ ತಿಳಿಸಿದೆ. ಸಿಟ್ಟಾದ. ಆಗಲಿ. ಆ ಮೊದಲ ಸೂತ್ರವನ್ನು ಅವಳೆದುರು ನಿಂತು ಓದಲು ನನ್ನ ನಾಲಿಗೆ ಹೊರಳದು. ಎದುರು ಹೋದರೆ ಮತ್ತೆ ತಿಂಡಿ ಆಯ್ತಾ ಎಂದೇ ಕೇಳುತ್ತೇನೆ.

ಮಾರ್ಚ್ 29, ಶನಿವಾರ. ಮಧ್ಯಾಹ್ನ ಒಂದೂವರೆ

ಅಂಚೆಗೆ ಹಾಕಿದರೆ ನಾಲ್ಕು ದಿನ. ಹಡಗು ನಾಡಿದ್ದು. ಕಾಜಾದವಳು ವಾರ್ಷಿಕೋತ್ಸವ ನೋಡಲು ಎರಡು ಗಂಟೆಯ ಬಸ್ಸಿಗೆ ಹೊರಟಿದ್ದಾಳೆ. ಕಾಗದ ಕೊಟ್ಟರೆ ಒಯ್ಯುತ್ತೇನೆ ಎಂದಳು. ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ.

ಚೊಕ್ಕ ಪ್ರತಿ ಆಗಿಲ್ಲ. ಆಗುವುದೂ ಇಲ್ಲ. ಬೆಳಿಗ್ಗೆಯಿಂದ ಇನ್ನೆರಡು ಹರಿದೆ. ಒಳ್ಳೆಯ ಹಾಳೆ ತೆಗೆದುಕೊಂಡ ತಕ್ಷಣ ನಾನು ಒಳ್ಳೆಯವಳಾಗಿಬಿಡುತ್ತೇನೆ. ಅದೇ ತೊಂದರೆ.

ಹಾಗಾಗಿ ಗುಬ್ಬಿ, ಈ ಪುಸ್ತಕವನ್ನೇ ಕೊಟ್ಟು ಕಳಿಸುತ್ತಿದ್ದೇನೆ. ಯಾರೂ ಓದುವುದಿಲ್ಲ ಎಂದು ಬರೆದದ್ದು. ಮೂರನೆಯ ತಾರೀಖಿನಿಂದ ಓದು. ಎದುರುಮನೆಯವರ ಕಣ್ಣನ್ನೂ ವಿಚಾರಿಸಿ ನಿನ್ನನ್ನು ಬಿಟ್ಟದ್ದು ಅದರಲ್ಲಿದೆ. ಬಸ್ಸಿಗೆ ಹೊತ್ತಾಯಿತು ಎಂದದ್ದೂ ಇದೆ. ಅವೆರಡನ್ನೂ ಹೊಡೆದಿಲ್ಲ, ಹೊಡೆಯಬೇಕು ಎಂದು ಕೈ ಎಷ್ಟು ತುರಿಸಿದರೂ.

ತಪ್ಪು ನನ್ನದು. ಬಾಣ ನನ್ನದು. ಬಟ್ಟೆ ಸವರಿ ನೋಡದೆ ಗುರುತು ಹಾಕಿದವಳು ನಾನು. ನೀನು ಹೇಳಲು ಬಂದೆ, ನಾನು ಬಿಡಲಿಲ್ಲ. ಹತ್ತು ಜನರೆದುರು ನಿನ್ನ ಮೇಲೆ ಹಾಕಿದೆ. ನೀನು ಸುಮ್ಮನೆ ನಿಂತೆ, ನನ್ನ ಮರ್ಯಾದೆ ಉಳಿಯಲಿ ಎಂದು. ಅದು ನನಗೆ ಗೊತ್ತಾದದ್ದು ಹನ್ನೊಂದು ದಿನದ ಹಿಂದೆ. ಹನ್ನೊಂದು ದಿನ ಇಟ್ಟುಕೊಂಡೆ ಎಂಬುದೂ ನನ್ನ ತಪ್ಪೇ.

ನಂಬುತ್ತೀರಾ ಎಂದು ಕೇಳಿದ್ದೆಯಂತೆ. ಬಾಣ ನೋಡಿದ ಮೇಲೆ ನಂಬುತ್ತೇನೆ ಎಂದರೆ ಅದು ನಂಬಿಕೆ ಅಲ್ಲ. ನೋಡುವ ಮುಂಚೆ ನಂಬಬೇಕಿತ್ತು. ನಂಬಲಿಲ್ಲ. ಅದಕ್ಕೆ ಈಗ ಏನೂ ಮಾಡಲಾರೆ.

ಬಾ ಎಂದು ಬರೆಯುವುದಿಲ್ಲ. ಹೋಗು ಎಂದೂ ಬರೆಯುವುದಿಲ್ಲ. ಸಹಿ ನಿನ್ನದು. ಹಾಕುವ ಮುಂಚೆ ಅದರಲ್ಲಿರುವುದನ್ನು ಪೂರ್ತಿ ಓದಿಕೋ. ನೋಡು, ಮತ್ತೆ ಬುದ್ಧಿ ಹೇಳಿದೆ. ಇದನ್ನೂ ಹೊಡೆಯುವುದಿಲ್ಲ.

ಅವಳು ಬಾಗಿಲಿನಿಂದ ಕೂಗುತ್ತಿದ್ದಾಳೆ. “ಅಮ್ಮೋರೇ, ಬಸ್ಸು ನಿಮ್ಮ ಅಪ್ಪಂದಲ್ಲ, ಕೊಡಿ ಇಲ್ಲಿ!” ಇನ್ನೊಂದೇ ಸಾಲು ಎಂದೆ. ಬಂದು ಪುಸ್ತಕದ ಅಂಚು ಹಿಡಿದು ಎಳೆಯುತ್ತಿದ್ದಾಳೆ.

ಮಗಳೇ, ಹೋದರೂ ಸರಿ, ಇದ್ದರೂ ಸರಿ, ಉತ್ತರ ಬರಿ. ಬೈದಾದರೂ ಬರಿ. ನಾಲ್ಕೇ ಅಕ್ಷರ ಇದ್ದರೂ ಸಾಕು, ಉಳಿದದ್ದು ನಾನು ಊಹಿಸಿಕೊಳ್ಳುವುದಿಲ್ಲ, ನೀನು ಬರೆದಷ್ಟನ್ನೇ ಓದುತ್ತೇನೆ. ಬೇಗ ಬರಿ, ಯಾಕೆಂದರೆ ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ತೆರೆಯುವಾಗ